ಜರ್ಮನ್ ದೊರೆಸಾನಿಯ ಏಳು ವಾಕ್ಯಗಳು

ಬೆಂಕಿಕಡ್ಡಿಯನ್ನು ಅವರು ಉದ್ದಕ್ಕೆ ಸೀಳುತ್ತಿದ್ದರು. ಮದ್ದಿನ ತುದಿಯನ್ನು ಕೆಳಗೆ ಹಿಡಿದು, ಬುಡಕ್ಕೆ ಚಾಕುವಿನ ಬಾಯಿಟ್ಟು, ಹೆಬ್ಬೆರಳಿನಿಂದ ಒಂದೇ ಸಲ ಒತ್ತಿದರೆ ಕಡ್ಡಿ ಎರಡಾಗುತ್ತಿತ್ತು. ಎರಡರ ತುದಿಯಲ್ಲೂ ಅರ್ಧರ್ಧ ಮದ್ದು ಉಳಿಯುತ್ತಿತ್ತು, ಎರಡೂ ಹೊತ್ತಿಕೊಳ್ಳುತ್ತಿದ್ದವು. ಉರಿದ ಮೇಲೂ ಆ ಅರ್ಧ ಕಡ್ಡಿಗಳನ್ನು ಎಸೆಯುತ್ತಿರಲಿಲ್ಲ. ಕರಿ ತುದಿಯನ್ನು ಮುರಿದು ಒಂದು ತಗಡಿನ ಡಬ್ಬಿಗೆ ಹಾಕಿಡುತ್ತಿದ್ದರು. ಯುದ್ಧಕಾಲದ ಸೆರೆ ಶಿಬಿರದಲ್ಲಿದ್ದಾಗ ಕಲಿತ ಅಭ್ಯಾಸವಂತೆ. ಯುದ್ಧ ಮುಗಿದು ಹತ್ತು ಹನ್ನೆರಡು ವರ್ಷಗಳಾಗಿ, ಮೂಲೆಯ ಅಂಗಡಿಯಲ್ಲಿ ಬೇಕಾದಷ್ಟು ಬೆಂಕಿಪೆಟ್ಟಿಗೆ ಸಿಗುತ್ತಿದ್ದಾಗಲೂ ಅದು ಅವರನ್ನು ಬಿಟ್ಟಿರಲಿಲ್ಲ.

ಆ ಚಾಕು ಅವರ ಗಂಡನದು. ಗುಲಾಬಿಗೆ ಕಣ್ಣು ಕಸಿ ಮಾಡುವ, ಅಂದರೆ ಒಂದು ಗಿಡದ ಚಿಗುರುಮೊಗ್ಗನ್ನು ಇನ್ನೊಂದರ ಕಾಂಡಕ್ಕೆ ಕೂರಿಸಿ ಕಟ್ಟುವ ಚಾಕು. ಅದು ಅವರ ಕೈಗೆ ಮರಳಿ ಬಂದದ್ದು ನನ್ನ ಕೈಯಿಂದ. ನನಗಾಗ ಹನ್ನೆರಡು ವರ್ಷ. ಸ್ವಾತಂತ್ರ್ಯ ಬಂದ ವರ್ಷ ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಕುಂಬಾರಕೊಪ್ಪಲಿನ ಕಡೆಗೆ ನಡೆದರು. ಊರ ಅಂಚಿನಲ್ಲಿ ಒಂದು ಹೆಂಚಿನ ಮನೆ, ಮುಂದೆ ಬಿದಿರಿನ ಗೇಟು. ಅಪ್ಪ ಗೇಟಿನ ಹೊರಗೇ ನಿಂತು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ಒಳಗೆ ಒಬ್ಬರು ದೊರೆಸಾನಿ ಇದಾರೆ, ಕೊಟ್ಟುಬಿಟ್ಟು ಬಾ" ಎಂದರು. ಜಗಲಿಯಲ್ಲಿ ಎತ್ತರದ, ಸಣಕಲು ಹೆಂಗಸು ಕೂತಿದ್ದರು. ಪೊಟ್ಟಣ ಬಿಚ್ಚಿ ನೋಡಿದರು, ಚಾಕುವನ್ನು ತೆರೆದರು, ಅಲಗಿಗೆ ಉಗುರು ಸವರಿ ಮತ್ತೆ ಮಡಿಸಿದರು. ಆಮೇಲೆ ತಲೆಯೆತ್ತಿ ಗೇಟಿನ ಕಡೆಗೆ ನೋಡಿದರು. ಅಪ್ಪ ಆಗಲೇ ಬೆನ್ನು ತಿರುಗಿಸಿ ರಸ್ತೆಗೆ ಇಳಿದಿದ್ದರು.

"ತುಕ್ಕು ಇಡೀದಂಗೆ ಮಡಗವ್ರೆ" ಎಂದರು ಆಕೆ, ನನಗಲ್ಲ, ಚಾಕುವಿಗೆ ಹೇಳುವ ಹಾಗೆ.

ಆ ಕನ್ನಡ ಕೇಳಿ ನಾನು ಬೆಚ್ಚಿದ್ದೆ. ದೊರೆಸಾನಿಯರು ಮಾತಾಡಿದರೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ತಪ್ಪಿದರೆ ಪುಸ್ತಕದ ಕನ್ನಡ ಆಡುತ್ತಾರೆ ಎಂದು ತಿಳಿದಿದ್ದೆ. ಇವರು ಕನ್ನಡ ಕಲಿತದ್ದು ಗಂಡನ ಕೈಕೆಳಗಿನ ಮಾಲಿಗಳಿಂದ, ಮಾಲಿಗಳ ಹೆಂಡಿರಿಂದ. ಗಂಡ ಅರಮನೆಗೆ ಸೇರಿದ ಒಂದು ತೋಟದಲ್ಲಿ ಮುಖ್ಯ ತೋಟಗಾರರಾಗಿದ್ದರು. ಮೊದಲ ಯುದ್ಧ ಮುಗಿದ ಕೆಲವು ವರ್ಷಗಳಲ್ಲೇ ಜರ್ಮನಿಯಿಂದ ಬಂದವರು. ಮಾಲಿಗಳು ಅವರನ್ನು ದೊರೆ ಎಂದೇ ಕರೆಯುತ್ತಿದ್ದರು. ದೊರೆಯ ಹೆಂಡತಿ ದೊರೆಸಾನಿ. ನಮ್ಮ ಅಪ್ಪ ಅದೇ ತೋಟದ ಕಚೇರಿಯಲ್ಲಿ ಹೆಡ್ ಗುಮಾಸ್ತರು. ಎರಡನೆಯ ಯುದ್ಧ ಶುರುವಾದಾಗ ದೊರೆಯನ್ನು ಶತ್ರುದೇಶದವರೆಂದು ಹಿಡಿದು ಉತ್ತರದ ಯಾವುದೋ ಶಿಬಿರಕ್ಕೆ ಕಳಿಸಿದರೆಂದೂ, ಅವರು ಅಲ್ಲೇ ತೀರಿಕೊಂಡರೆಂದೂ, ಹೆಂಗಸರ ಬೇರೆ ಶಿಬಿರದಲ್ಲಿದ್ದ ಆಕೆ ಯುದ್ಧ ಮುಗಿದ ಮೇಲೆ ತಮ್ಮ ದೇಶಕ್ಕೆ ಹೋಗದೆ ಮೈಸೂರಿಗೇ ವಾಪಸಾದರೆಂದೂ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಕೇಳುವ ರೂಢಿ ಇರಲಿಲ್ಲ.

ಸಸ್ಯಶಾಸ್ತ್ರ ಓದಲು ಕಾಲೇಜಿಗೆ ಸೇರಿದ ಮೇಲೆ ನಾನು ಮತ್ತೆ ಆ ಬಿದಿರಿನ ಗೇಟು ತೆಗೆದೆ. ವಿಜ್ಞಾನ ಓದುವವರಿಗೆ ಜರ್ಮನ್ ಸ್ವಲ್ಪ ಬಂದರೆ ಒಳ್ಳೆಯದು ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. ಊರಿನಲ್ಲಿ ಅದನ್ನು ಹೇಳಿಕೊಡುವವರು ಇದ್ದದ್ದು ಅವರೊಬ್ಬರೇ. ನಾನು ಮೇಡಂ ಎಂದು ಕರೆದೆ. "ಅಂಗೆಲ್ಲ ಬ್ಯಾಡ" ಎಂದರು, ಬೇರೆ ಏನೆಂದು ಕರೆಯಬೇಕೆಂದು ಹೇಳಲಿಲ್ಲ. ಹಾಗಾಗಿ ಮೇಡಂ ಎಂದೇ ಉಳಿಯಿತು.

ಪಾಠದ ಪುಸ್ತಕವೆಂದರೆ ಹಳೆಯ ಬೀಜದ ಕಂಪನಿಗಳ ಕ್ಯಾಟಲಾಗು. ಅದನ್ನು ಗಟ್ಟಿಯಾಗಿ ಓದಬೇಕು. ಡಬ್ಬಿಯಿಂದ ಅರ್ಧ ಕಡ್ಡಿಗಳನ್ನು ತೆಗೆದು ಮೇಜಿನ ಎಡಗಡೆಗೆ, ಆವತ್ತು ಎಷ್ಟು ವಾಕ್ಯ ಓದಬೇಕೋ ಅಷ್ಟನ್ನು ಜೋಡಿಸಿಡುತ್ತಿದ್ದರು. ಒಂದು ವಾಕ್ಯ ತಪ್ಪಿಲ್ಲದೆ ಓದಿ ಅರ್ಥ ಹೇಳಿದರೆ ಒಂದು ಕಡ್ಡಿ ಬಲಗಡೆಗೆ ಹೋಗುತ್ತಿತ್ತು. ತಪ್ಪಿದರೆ ಬೈಗುಳವಿಲ್ಲ, ಮುಖ ಗಂಟಿಕ್ಕುವುದಿಲ್ಲ. ಕಡ್ಡಿ ಅಲ್ಲೇ ಇರುತ್ತಿತ್ತು, ಅಷ್ಟೆ. ಒಂದು ಸಲ ಬಟಾಣಿ ಬಳ್ಳಿಯ ಬಗೆಗಿನ ಒಂದೇ ವಾಕ್ಯಕ್ಕೆ ಎರಡು ವಾರ ಒಂಟಿ ಕಡ್ಡಿಯೊಂದು ಎಡಗಡೆ ಬಿದ್ದುಕೊಂಡಿತ್ತು. ಮೇಜು ಒರೆಸುವಾಗಲೂ ಅದನ್ನು ಎತ್ತಿ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದರು.

ಜಗಲಿಯ ಮೇಲೆ ಸಾಲಾಗಿ ಕುಂಡಗಳಿದ್ದವು. ಕುಂಬಾರಕೊಪ್ಪಲಿನಲ್ಲಿ ಆಗ ಕುಂಡಕ್ಕೆ ಅಡಿಯಲ್ಲಿ ಒಂದು ತೂತಿನ ಬದಲು ಮೂರು ತೂತು ಮಾಡುತ್ತಿದ್ದರು. ನೀರು ನಿಂತರೆ ಬೇರು ಕೊಳೆಯುತ್ತದೆಂದು ದೊರೆ ಹೇಳಿ ಮಾಡಿಸಿದ್ದಂತೆ. ಹೊಸ ಕುಂಬಾರರಿಗೆ ದೊರೆ ಯಾರೆಂದೇ ಗೊತ್ತಿರಲಿಲ್ಲ, ಆದರೂ ಅದಕ್ಕೆ ದೊರೆ ಕುಂಡ ಎಂದೇ ಹೆಸರು. ಒಂದು ದೊರೆ ಕುಂಡದಲ್ಲಿ ತಿಳಿ ಹಳದಿ ಗುಲಾಬಿಯ ಗಿಡವಿತ್ತು. ಅದರ ಕಾಂಡ ಬುಡದಲ್ಲಿ ಒಂದು ಕಡೆಗೆ ಸೊಟ್ಟಗೆ ಉಬ್ಬಿಕೊಂಡಿತ್ತು. ಕಸಿ ಸರಿಯಾಗಿ ಕಟ್ಟದೆ ಹೋದಾಗ ಹಾಗಾಗುತ್ತದೆಂದು ಓದಿದ್ದ ನಾನು ಒಂದು ದಿನ ಜಾಣತನದಿಂದ, "ಇದನ್ನು ಯಾರೋ ಕೆಟ್ಟದಾಗಿ ಕಟ್ಟಿದಾರೆ ಮೇಡಂ" ಎಂದೆ.

"ಊಂ. ಬಾಳ ಕೆಟ್ಟದಾಗಿ" ಎಂದು ಅವರು ನಕ್ಕರು. ಯಾಕೆ ನಕ್ಕರೆಂದು ನಾನು ಕೇಳಲಿಲ್ಲ.

ಒಂದು ಸಲ ನವರಾತ್ರಿಯ ಬೊಂಬೆ ನೋಡಲು ನಮ್ಮ ಮನೆಗೆ ಬಂದಿದ್ದರು. ಅಪ್ಪ ಆ ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿದ್ದರು. ಅಮ್ಮ ಮಡಿಸೀರೆಯಲ್ಲಿ ಸಂಭ್ರಮದಿಂದ ನಿಂತು, ಏನು ತೆಗೆದುಕೊಳ್ಳುತ್ತೀರಿ ಎಂದು ನಾಜೂಕಾಗಿ ಕೇಳಿದರೆ, ಅವರು ಕಾಲು ಚಾಚಿ ಚಾಪೆಯ ಮೇಲೆ ಕೂತು, "ಏನಾರ ಇಕ್ಕವ್ವ, ಒಟ್ಟೆ ಅಸ್ದದೆ" ಎಂದರು. ಅವರು ಹೋದ ಮೇಲೆ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಕಣ್ಣು ಮುಚ್ಚಿಕೊಂಡು ಕೇಳಿದ್ರೆ ಸೊಪ್ಪು ಮಾರೋ ನಿಂಗಮ್ಮನೇ ಬಂದು ಕೂತ ಹಾಗಿತ್ತು ಕಣೇ." ಅದಾದ ಮೇಲೆ ಹಬ್ಬಹಬ್ಬಕ್ಕೂ ಅವರಿಗೆ ಮನೆಯಿಂದ ಒಂದು ಡಬ್ಬಿ ಹೋಗುತ್ತಿತ್ತು. ತುಂಬುತ್ತಿದ್ದವರು ಅಮ್ಮ. ನೆನಪಿಸುತ್ತಿದ್ದವರು ಅಪ್ಪ.

ವಿದೇಶಿಯರಾದ್ದರಿಂದ ಅವರ ಹೆಸರು ಪೊಲೀಸ್ ಕಚೇರಿಯ ಒಂದು ರಿಜಿಸ್ಟರಿನಲ್ಲಿತ್ತು. ಊರು ಬಿಟ್ಟು ಹೋಗುವಾಗ ಹೇಳಿ ಹೋಗಬೇಕು, ಬಂದ ಮೇಲೆ ಬಂದೆ ಎನ್ನಬೇಕು. ಎಲೆಗೊಬ್ಬರ ತರಲು ಹತ್ತಿರದ ಇಲವಾಲದ ಕಡೆಗೆ ಹೋಗುವುದಿದ್ದರೂ ಮೊದಲು ಆ ಕಚೇರಿಗೆ ಹೋಗುತ್ತಿದ್ದರು. ಒಂದು ದಿನ ನಾನೂ ಜೊತೆಯಲ್ಲಿದ್ದೆ. ರಿಜಿಸ್ಟರು ನೋಡಿಕೊಳ್ಳುತ್ತಿದ್ದ ವಯಸ್ಸಾದ ಪೇದೆ ಕೈಮುಗಿದು, "ಇಲವಾಲಕ್ಕೂ ಪಾಸ್‌ಪೋರ್ಟ್ ಬೇಕಾ ಅಮ್ಮಾವ್ರೆ? ಬುಡಿ ಅತ್ಲಾಗೆ, ನಾನೇನೂ ಕೇಳಕಿಲ್ಲ" ಎಂದ.

"ಬರ್ಕಳಪ್ಪ" ಎಂದರು ಇವರು. "ನೀನು ಬರೀದೆ ಇದ್ರೆ ನಾನು ಓಗೇ ಇಲ್ಲ ಅಂತಾಯ್ತದೆ."

ಅವನು ನಗುತ್ತಲೇ ಬರೆದುಕೊಂಡ. ನಾನೂ ನಕ್ಕೆ. ಆ ಮಾತನ್ನು ತಮಾಷೆ ಎಂದುಕೊಂಡಿದ್ದೆ.

ನಾನು ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆದ ಎರಡನೆಯ ವರ್ಷ, ಊರಿನ ಉದ್ಯಾನಗಳನ್ನು ನೋಡಿಕೊಳ್ಳುವ ಸಮಿತಿಯವರಿಗೆ ಒಂದು ಯೋಚನೆ ಬಂತು. ಜರ್ಮನಿಯಿಂದ ಬಂದು ಮೈಸೂರಿನಲ್ಲಿ ನೆಲೆಸಿ ಊರಿಗಾಗಿ ದುಡಿದವರನ್ನು ಸರ್ಕಾರದ ವತಿಯಿಂದಲೇ ಗೌರವಿಸಬೇಕು, ಅವರ ಹೆಸರಿನ ಕಲ್ಲೊಂದನ್ನು ತೋಟದಲ್ಲಿ ನಿಲ್ಲಿಸಬೇಕು ಎಂದು. ಐದು ಹೆಸರುಗಳಾದವು. ಒಬ್ಬರು ಇಂಜಿನಿಯರು, ಒಬ್ಬರು ಬ್ಯಾಂಡು ಕಲಿಸಿದವರು, ಒಬ್ಬರು ಮರಗೆಲಸದ ಮೇಷ್ಟರು, ಒಬ್ಬರು ಹೆಂಚಿನ ಕಾರ್ಖಾನೆಯವರು, ಇನ್ನೊಬ್ಬರು ನಮ್ಮ ದೊರೆ. ಐವರಲ್ಲಿ ಯಾರೂ ಉಳಿದಿರಲಿಲ್ಲ. ಅವರ ಕಡೆಯವರೆಂದು ಊರಿನಲ್ಲಿ ಉಳಿದಿದ್ದವರು ಮೇಡಂ ಒಬ್ಬರೇ. ಕಲ್ಲಿನ ಮೇಲೆ ಬರೆಯುವುದನ್ನು ಸಮಿತಿಯ ಕಾರ್ಯದರ್ಶಿಗಳು ನನಗೆ ಓದಿ ತೋರಿಸಿದ್ದರು: ಜರ್ಮನಿಯಲ್ಲಿ ಹುಟ್ಟಿ, ಮೈಸೂರನ್ನು ತಮ್ಮ ಊರೆಂದು ತಿಳಿದು ಬಾಳಿದ ನಮ್ಮವರ ನೆನಪಿಗೆ. ನಮ್ಮವರ ಎನ್ನುವಾಗ ಅವರ ದನಿ ಸ್ವಲ್ಪ ಏರಿತ್ತು. ಒಳ್ಳೆಯ ಮನುಷ್ಯ. ಮನಸ್ಸಿಟ್ಟೇ ಮಾಡಿಸುತ್ತಿದ್ದರು.

ಕಲ್ಲು ತೆರೆಯುವ ದಿನ ಮೇಡಂ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡರು. ಮೇಡಂ ಒಪ್ಪಿದರು. ಆದರೆ ತಮ್ಮ ಕನ್ನಡ ಗಿಡಕ್ಕೆ ನೀರು ಹಾಕುವವರ ಕನ್ನಡ, ಸಭೆಯ ಕನ್ನಡವಲ್ಲ, ಹಾಗಾಗಿ ಪತ್ರ ಜರ್ಮನಿನಲ್ಲಿ ಬರೆಸುತ್ತೇನೆ, ನೀನು ಕನ್ನಡ ಮಾಡಿ ಓದು ಎಂದು ನನಗೆ ಹೇಳಿದರು. ಕಾರ್ಯದರ್ಶಿಗಳಿಗೆ ಇದು ಇನ್ನೂ ಚೆನ್ನಾಗಿ ಕಂಡಿತು. "ಸಭೆಗೆ ಒಪ್ಪೋ ಹಾಗೆ ಮಾಡಿ ಕಣಮ್ಮ, ನಿಮಗೆ ಹೇಳಬೇಕೇ" ಎಂದಷ್ಟೇ ಅಂದರು. ಅವರು ಹೇಳಿದ್ದು ಅಷ್ಟೇ ಎಂಬುದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಮುಂದೆ ಆದದ್ದಕ್ಕೆ ಅವರು ಕಾರಣರಲ್ಲ.

ಮೇಡಂ ಹೇಳಿ ಬರೆಸುವಾಗ ನನ್ನ ಕಡೆ ನೋಡಲಿಲ್ಲ. ಹಳದಿ ಗುಲಾಬಿಯ ಕುಂಡದ ಕಡೆಗೆ ನೋಡುತ್ತಾ, ಒಂದೊಂದೇ ವಾಕ್ಯ ಹೇಳಿದರು. ಒಟ್ಟು ಹದಿನೈದು. ಮೊದಲ ನಾಲ್ಕರಲ್ಲಿ ಗಂಡ ಬಂದದ್ದು, ತೋಟದ ಮಣ್ಣು ನೋಡಿ ಖುಷಿಪಟ್ಟದ್ದು, ಮಾಲಿಗಳಿಂದ ತಾವು ಕಲಿತದ್ದು ಇತ್ತು. ಕೊನೆಯ ನಾಲ್ಕರಲ್ಲಿ ವಂದನೆ ಇತ್ತು. ನಡುವೆ ಏಳು. ಅವನ್ನು ಇಲ್ಲಿ ಇದ್ದ ಹಾಗೆ ಬರೆಯುತ್ತೇನೆ:

ಒಂದು ಬೆಳಿಗ್ಗೆ ಅವನು ಗುಲಾಬಿಗೆ ಕಸಿ ಕಟ್ಟುತ್ತಿದ್ದಾಗ ಪೊಲೀಸರು ಬಂದರು. ಉಳಿದದ್ದನ್ನು ಕಟ್ಟಿ ಬರುತ್ತೇನೆ ಎಂದು ಕೇಳಿದ, ಬಿಡಲಿಲ್ಲ. ಆವತ್ತು ತೋಟದಲ್ಲಿ ಇದ್ದವರು ಯಾರೂ ಒಂದು ಮಾತು ಆಡಲಿಲ್ಲ. ಮೂರು ವರ್ಷದ ಮೇಲೆ ಅವನು ಶಿಬಿರದಲ್ಲಿ ಸತ್ತ. ಇವತ್ತು ನೀವು ಅವನನ್ನು ನಮ್ಮವನು ಎನ್ನುತ್ತೀರಿ. ನನಗೆ ಅದು ಸಂತೋಷವೇ. ಆ ಬೆಳಿಗ್ಗೆ ಒಬ್ಬರಾದರೂ ಹಾಗೆ ಅಂದಿದ್ದರೆ, ಅವನು ಆ ಮಾತನ್ನು ಜೊತೆಯಲ್ಲಿ ಕೊಂಡುಹೋಗುತ್ತಿದ್ದ.

ಮನೆಗೆ ಬಂದು ಅನುವಾದಕ್ಕೆ ಕೂತಾಗ ನಾನು ಮೂರನೆಯದರಲ್ಲಿ ನಿಂತುಬಿಟ್ಟೆ. ಆವತ್ತು ತೋಟದಲ್ಲಿ ಇದ್ದವರು. ಕಚೇರಿಯ ಹೆಡ್ ಗುಮಾಸ್ತರು ಇಲ್ಲದೆ ಇರಲು ಸಾಧ್ಯವಿಲ್ಲ. ಹಳಬರೆಂದು ಅಪ್ಪನಿಗೂ ಸಭೆಗೆ ಕರೆ ಬಂದಿತ್ತು, ಮುಂದಿನ ಸಾಲಿನಲ್ಲೇ ಕೂರಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ಅವರು ಕೆಮ್ಮುವುದು, ಪೇಪರು ಮಡಿಸುವುದು ಕೇಳಿಸುತ್ತಿತ್ತು. ಎದ್ದು ಹೋಗಿ ಕೇಳಬಹುದಿತ್ತು. ನಾನು ಕೇಳಲಿಲ್ಲ. ಏಳು ವಾಕ್ಯಗಳನ್ನು ಬಿಟ್ಟು ಆ ಜಾಗಕ್ಕೆ ನನ್ನದೇ ಒಂದು ವಾಕ್ಯ ಸೇರಿಸಿದೆ: ಯುದ್ಧದ ಕಷ್ಟಕಾಲದಲ್ಲಿ ಅವರು ದೈವಾಧೀನರಾದರು. ಓದಿ ನೋಡಿದೆ. ಎಲ್ಲೂ ಹೊಲಿಗೆ ಕಾಣುತ್ತಿರಲಿಲ್ಲ. ನಾವು ಮೈಸೂರಿನವರು ಇದನ್ನು ಚೆನ್ನಾಗಿ ಮಾಡುತ್ತೇವೆ. ಯಾರ ಮನಸ್ಸಿಗೂ ನೋವಾಗದ ಹಾಗೆ, ಮನೆಗೆ ಬಂದವರ ಎದುರು ದನಿ ಏರದ ಹಾಗೆ, ಆದದ್ದನ್ನು ಆಗಲಿಲ್ಲವೇನೋ ಅನ್ನಿಸುವ ಹಾಗೆ. ಅದನ್ನು ಸಭ್ಯತೆ ಎಂದು ನನಗೆ ಹೇಳಿಕೊಟ್ಟಿದ್ದರು. ನಾನು ಆವತ್ತು ಹೆದರಿದ್ದೆ, ಅಷ್ಟೆ.

ಸಭೆಯ ದಿನ ಬಿಸಿಲಿತ್ತು. ಶಾಮಿಯಾನದ ಕೆಳಗೆ ಮೇಡಂಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ತೊಡೆಯ ಮೇಲೆ ಹಣ್ಣಿನ ತಟ್ಟೆ ಇಟ್ಟರು. ಜರ್ಮನ್ ಸರ್ಕಾರದ ಪರವಾಗಿ ಯಾರೋ ಒಬ್ಬರು ಬಂದಿದ್ದರು. ಕಾರ್ಯದರ್ಶಿಗಳು ನಮ್ಮವರು, ನಮ್ಮವರು ಎಂದು ನಾಲ್ಕಾರು ಸಲ ಹೇಳಿದರು. ಅದೇ ವಾರ ಮೇಡಂ ಪೊಲೀಸ್ ಕಚೇರಿಗೆ ಹೋಗಿ ವಿದೇಶಿಯರ ರಿಜಿಸ್ಟರಿಗೆ ರುಜು ಹಾಕಿ ಬಂದಿದ್ದರು.

ನಾನು ಎದ್ದು ಪತ್ರ ಓದಿದೆ. ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಒಂದೊಂದು ವಾಕ್ಯ ಮುಗಿದಾಗಲೂ ಅವರ ಬೆರಳು ತಟ್ಟೆಯ ಅಂಚನ್ನು ಮೆಲ್ಲಗೆ ಮುಟ್ಟುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಐದನೆಯದು ನನ್ನದು. ಬೆರಳು ಎತ್ತಿದ್ದು ಹಾಗೇ ನಿಂತಿತು. ಆಮೇಲೆ ಓದಿದ ನಾಲ್ಕಕ್ಕೂ ಅದು ಕೆಳಗಿಳಿಯಲಿಲ್ಲ. ಚಪ್ಪಾಳೆಯಾಯಿತು. ನೀವು ಇನ್ನೇನಾದರೂ ಹೇಳುತ್ತೀರಾ ಎಂದು ಕಾರ್ಯದರ್ಶಿಗಳು ಬಗ್ಗಿ ಕೇಳಿದರು. ಮೇಡಂ ಕುರ್ಚಿಯ ಕೈ ಹಿಡಿದು ಅರ್ಧ ಎದ್ದವರು, ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ ಕಡೆ ಒಂದು ಸಲ ನೋಡಿ, ಇಲ್ಲವೆಂದು ತಲೆಯಾಡಿಸಿ ಮತ್ತೆ ಕೂತರು.

ಮಾರನೆಯ ದಿನ ಸಂಜೆ ನಾನು ಹೋದಾಗ ಮೇಜಿನ ಮೇಲೆ ಅರ್ಧ ಕಡ್ಡಿಗಳಿದ್ದವು. ಬಲಗಡೆ ಎಂಟು. ಎಡಗಡೆ ಏಳು. ಎಂಟರ ಪಕ್ಕದಲ್ಲಿ, ಸ್ವಲ್ಪ ದೂರಕ್ಕೆ, ಸೀಳದ ಒಂದು ಇಡೀ ಕಡ್ಡಿ.

"ಇದು ನಿಂದು" ಎಂದು ಇಡೀ ಕಡ್ಡಿಯನ್ನು ನನ್ನ ಕಡೆಗೆ ಸರಿಸಿದರು.

ನಾನು ತಪ್ಪಾಯಿತು ಎಂದೆ. ಅಪ್ಪ ಮುಂದೆ ಕೂತಿರುತ್ತಾರೆಂದು ಬಿಟ್ಟೆ ಎಂದೂ ಹೇಳಿದೆ. ಆಗ ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಬಟಾಣಿಯ ವಾಕ್ಯ ಎರಡನೆಯ ವಾರವೂ ತಪ್ಪಿದಾಗ ನೋಡಿದ ಹಾಗೆ ನೋಡಿದರು.

"ನಿಮ್ಮಪ್ಪಾರು ಮಾತಾಡ್ನಿಲ್ಲ, ಅದು ದಿಟ" ಎಂದರು. "ಲಾರಿ ಅತ್ತೋವಾಗ ಇವ್ನು ಚಾಕುವ ನಿಮ್ಮಪ್ಪಾರ ಕೈಗೆ ಕೊಟ್ಟ. ಆಗ್ಲೂ ಮಾತಾಡ್ನಿಲ್ಲ. ಲಾರಿ ಓದ್ಮೇಲೆ ಏನ್ ಮಾಡುದ್ರು ಗೊತ್ತಾ ಕಣಮ್ಮಿ? ಕಚೇರಿಗೆ ಓಗ್ನಿಲ್ಲ. ಪಂಚೆ ಎತ್ತಿಕಟ್ಟಿ ಅಲ್ಲೇ ಮಣ್ಣಲ್ಲಿ ಕೂತ್ಕಂಡು, ಅವ್ನು ಬುಟ್ಟೋದ ಕಸಿನೆಲ್ಲ ಕಟ್ಟುದ್ರು. ಅನ್ನೊಂದು. ಜನ್ಮದಲ್ಲಿ ಒಂದು ಗಿಡ ಮುಟ್ಟುದೋರಲ್ಲ. ಮಾಲಿ ಕಣ್ಣಾರೆ ಕಂಡಿದ್ದ, ನಾನು ವಾಪಸ್ ಬಂದಾಗ ಏಳ್ದ."

ಅವರು ಜಗಲಿಯ ಕಡೆಗೆ ಗದ್ದ ತೋರಿಸಿದರು. ಆ ಹನ್ನೊಂದರಲ್ಲಿ ಎರಡು ಬದುಕಿದವಂತೆ. ಒಂದು ಇನ್ನೂ ತೋಟದ ಸಾಮಾನುಕೊಠಡಿಯ ಹಿಂದೆ ಇದೆಯಂತೆ. ಇನ್ನೊಂದು ಈ ಸೊಟ್ಟ ಕಾಂಡದ ಹಳದಿ ಗುಲಾಬಿ.

"ಮೊದ್ಲು ನೀನು ಪತ್ರವ ಪೂರ್ತಿ ಓದ್ತೀಯ, ಆಮೇಲೆ ನಾನು ಎದ್ದು ನಿಂತ್ಕಂಡು ಅದ ಏಳವಾ ಅಂತಿದ್ದೆ" ಎಂದರು. "ನನ್ನ ಕನ್ನಡದಲ್ಲೇ. ಎಲ್ರೂ ಸುಮ್ಕಿದ್ರು, ಇವ್ರೊಬ್ರು ಗಿಡ ಕಟ್ಟುದ್ರು ಅಂತ, ಅವ್ರ ಮುಂದೇನೇ. ಇದ ಓದ್ದೆ ಅದ ಎಂಗೆ ಏಳದು?"

ಮತ್ತೆ ಸಮಿತಿಗೆ ಬರೆದು ಸರಿಪಡಿಸುತ್ತೇನೆ ಎಂದೆ. ಅವರು ಬಲಗಡೆಯ ಎಂಟು ಕಡ್ಡಿಗಳನ್ನು ಡಬ್ಬಿಗೆ ಹಾಕಿದರು. ಎಡಗಡೆಯ ಏಳನ್ನು ಮುಟ್ಟಲಿಲ್ಲ.

ಅದಾದ ಮೇಲೆ ಅವರು ಇನ್ನು ನಾಲ್ಕು ತಿಂಗಳು ಇದ್ದರು. ನಾನು ವಾರಕ್ಕೆರಡು ಸಲ ಹೋಗುತ್ತಲೇ ಇದ್ದೆ. ಕ್ಯಾಟಲಾಗು ಓದಿದೆವು, ಗೊಬ್ಬರ ಸೋಸಿದೆವು, ಒಂದು ಸಲ ಬಾಡಿಗೆ ಜಟಕಾ ಮಾಡಿಕೊಂಡು ಚಾಮುಂಡಿ ಬೆಟ್ಟದ ಬುಡದವರೆಗೆ ಹೋಗಿ ಬಂದೆವು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ. ಏಳು ಕಡ್ಡಿಗಳು ಮೇಜಿನ ಎಡಗಡೆ ಹಾಗೇ ಇದ್ದವು. ಎತ್ತಿ ಒರೆಸುತ್ತಿದ್ದರು, ಮತ್ತೆ ಇಡುತ್ತಿದ್ದರು. ನಾನು ಸಮಿತಿಗೆ ಬರೆಯಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಹಬ್ಬ ಕಳೆಯಲಿ ಎಂದುಕೊಂಡೆ. ಅಪ್ಪನನ್ನು ಕೇಳಲೂ ಇಲ್ಲ. ಊಟಕ್ಕೆ ಎದುರುಬದುರು ಕೂತಾಗ ಅವರ ಬೆರಳುಗಳನ್ನು ನೋಡುತ್ತಿದ್ದೆ. ಬರಿ ಪೆನ್ನು ಹಿಡಿದ ಬೆರಳುಗಳು, ನಡುಬೆರಳಿನ ಪಕ್ಕದಲ್ಲಿ ಮಸಿಯ ಗುರುತು ಇನ್ನೂ ಮಾಸಿರಲಿಲ್ಲ. ಕಸಿ ಕಟ್ಟುವ ಬಾಳೆನಾರನ್ನು ಇವು ಹೇಗೆ ಹಿಡಿದಿರಬಹುದು ಎಂದುಕೊಂಡು ತಲೆ ತಗ್ಗಿಸಿ ಊಟ ಮುಗಿಸುತ್ತಿದ್ದೆ.

ಮೇಡಂಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ ಐದನೆಯ ದಿನ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ನನ್ನನ್ನು ಗುರುತು ಹಿಡಿದರು. ಗುಲಾಬಿಗೆ ನೀರು ಹಾಕಿದೆಯಾ ಎಂದು ಕೇಳಿದರು. ಹಾಕಿದೆ ಎಂದೆ. ಆಸ್ಪತ್ರೆಗೆ ಸೇರಿದ್ದು ಪೊಲೀಸ್ ಕಚೇರಿಗೆ ತಿಳಿಸಿದಾರಾ ಎಂದು ಕೇಳಿದರು. ತಿಳಿಸಿದೆ ಎಂದು ಸುಳ್ಳು ಹೇಳಿದೆ. ಆಮೇಲೆ ಅಲ್ಲಿಂದ ನೇರವಾಗಿ ಹೋಗಿ ತಿಳಿಸಿದೆ. ವಯಸ್ಸಾದ ಆ ಪೇದೆ ರಿಜಿಸ್ಟರು ತೆಗೆಯದೆ, "ಉಸಾರಾಗಿ ಬರ್ಲಿ ಬುಡವ್ವ" ಎಂದ. ಬರೆದುಕೊಳ್ಳಿ ಎಂದು ನಾನೇ ಹೇಳಿ ಬರೆಸಿದೆ.

ಅವರನ್ನು ಮಣ್ಣು ಮಾಡುವಾಗ ಹತ್ತು ಹನ್ನೆರಡು ಜನ ಇದ್ದೆವು. ಕಾರ್ಯದರ್ಶಿಗಳು ಸಮಿತಿಯ ಪರವಾಗಿ ಹಾರ ತಂದಿದ್ದರು. ಕುಂಬಾರಕೊಪ್ಪಲಿನ ಒಬ್ಬ ಮುದುಕ ಹೊಸ ದೊರೆ ಕುಂಡವೊಂದನ್ನು ತಲೆಯ ಮೇಲೆ ಹೊತ್ತು ತಂದು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಕೊನೆಯವರೆಗೂ ನಿಂತಿದ್ದ. ಅಪ್ಪ ಬಂದಿದ್ದರು. ಎಲ್ಲರೂ ಹೋದ ಮೇಲೂ ನಿಂತಿದ್ದರು.

ಮನೆಗೆ ನಡೆದು ಬರುವಾಗ ದಾರಿಯಲ್ಲಿ ನಾನು ಹೇಳಿದೆ. ಪತ್ರದಲ್ಲಿ ಇನ್ನೂ ಏಳು ವಾಕ್ಯಗಳಿದ್ದವು, ನಾನು ಬಿಟ್ಟೆ ಎಂದೆ. ಆ ವಾಕ್ಯಗಳನ್ನು ನಡೆಯುತ್ತಲೇ ಒಂದೊಂದಾಗಿ ಹೇಳಿದೆ. ಅವರು ತಡೆಯಲಿಲ್ಲ. ಮೂರನೆಯದಕ್ಕೆ ಕೈಲಿದ್ದ ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ ಕಸಿಯ ಸಂಗತಿಯೂ ನನಗೆ ಗೊತ್ತೆಂದು ಹೇಳಿದೆ. ಹನ್ನೊಂದು ಗಿಡ ಕಟ್ಟಿದಿರಂತೆ ಎಂದೆ.

"ಹನ್ನೆರಡು" ಎಂದರು ಅಪ್ಪ. ಸ್ವಲ್ಪ ದೂರ ನಡೆದ ಮೇಲೆ, "ಒಂದನ್ನ ನಾನೇ ಮುರಿದುಹಾಕಿದೆ" ಎಂದರು.

ಎರಡು ಬದುಕಿದವು ಎಂದು ಹೇಳಿದೆ.

ಅವರು ರಸ್ತೆಯ ನಡುವೆ ನಿಂತುಬಿಟ್ಟರು. ದೊರೆಯನ್ನು ಹಿಡಿದುಕೊಂಡು ಹೋದ ತಿಂಗಳೇ ಅವರಿಗೆ ಬೇರೆ ಕಚೇರಿಗೆ ವರ್ಗವಾಗಿತ್ತು. ಮತ್ತೆ ಆ ತೋಟದೊಳಗೆ ಕಾಲಿಟ್ಟದ್ದು ಕಲ್ಲು ತೆರೆದ ದಿನವೇ. ಇಪ್ಪತ್ತು ವರ್ಷ ಎಲ್ಲವೂ ಸತ್ತವೆಂದೇ ತಿಳಿದಿದ್ದರು. "ಎರಡು ಬದುಕಿದ್ವಾ?" ಎಂದು ಕೇಳಿದರು. ಹೌದು ಎಂದೆ. ಕೊಡೆಯನ್ನು ಊರಿಕೊಂಡು ಮತ್ತೊಮ್ಮೆ ಅದನ್ನೇ ಕೇಳಿದರು. ತಲೆಯಾಡಿಸಿದೆ. ಅಪ್ಪನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ನಾನು ಬೇರೆ ಕಡೆಗೆ ಮುಖ ಮಾಡಿಕೊಂಡೆ. ಅಷ್ಟನ್ನಾದರೂ ಸಭ್ಯತೆ ಎನ್ನಬಹುದು.

ಆವತ್ತು ಸಂಜೆ ಏಳು ವಾಕ್ಯಗಳನ್ನೂ ಒಂದು ಹಾಳೆಯ ಮೇಲೆ ಬರೆದೆ. ಹಿಂದೆ ಸಭೆಯಲ್ಲಿ ಓದಿದ ಅನುವಾದದಿಂದ ಇವನ್ನು ಬಿಟ್ಟವಳು ನಾನು, ಬರೆಸಿದವರ ಒಪ್ಪಿಗೆ ಇರಲಿಲ್ಲ ಎಂದು ಕೆಳಗೆ ಬರೆದು ರುಜು ಹಾಕಿದೆ. ಅಪ್ಪ ಹಾಳೆಯನ್ನು ಕೇಳಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ಓದಿದರು. ನನ್ನ ಪೆನ್ನು ಬೇಡವೆಂದು ತಮ್ಮದನ್ನೇ ತೆಗೆದು, ಮೂರನೆಯ ವಾಕ್ಯದ ಎದುರಿಗೆ ಅಂಚಿನಲ್ಲಿ, ಕಚೇರಿಯ ಕಡತಗಳಲ್ಲಿ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದರು: ನಾನು ಅಲ್ಲಿದ್ದೆ. ಕೆಳಗೆ ಪೂರ್ತಿ ಹೆಸರು.

ಮರುದಿನ ಬೆಳಿಗ್ಗೆ ಸಮಿತಿಯ ಕಚೇರಿ ತೆರೆಯುವ ಹೊತ್ತಿಗೆ ಇಬ್ಬರೂ ಹೋದೆವು. ಅಪ್ಪ ಗೇಟಿನ ಹತ್ತಿರ ನಿಲ್ಲಲಿಲ್ಲ, ಒಳಗೆ ಬಂದರು. ಕಾರ್ಯದರ್ಶಿಗಳು ಇನ್ನೂ ಬಂದಿರಲಿಲ್ಲ. ಕಲ್ಲು ತೆರೆದ ದಿನದ ಪತ್ರದಲ್ಲಿ ಬಿಟ್ಟುಹೋದದ್ದು ಎಂದು ಕೊಟ್ಟಾಗ ಗುಮಾಸ್ತರು ಹಾಳೆಯನ್ನು ತಿರುಗಿಸಿ ನೋಡಿ, ಕಲ್ಲು ಕೆತ್ತಿ ನಿಲ್ಲಿಸಿ ಆಗಿದೆಯಲ್ಲ, ಇನ್ನು ಇದನ್ನು ಏನು ಮಾಡುವುದು ಎಂದರು. ಕಲ್ಲಿಗಲ್ಲ, ಕಡತಕ್ಕೆ ಸೇರಿಸಿ ಎಂದೆ. ಗುಮಾಸ್ತರ ಕನ್ನಡಕ ಮನೆಯಲ್ಲಿ ಉಳಿದಿತ್ತು. ಇದರಲ್ಲಿ ಏನಿದೆ ಎಂದು ಕೇಳಿದರು.

ನಾನು ಹಾಳೆಯನ್ನು ವಾಪಸು ತೆಗೆದುಕೊಂಡೆ. ಮೇಜಿನ ಎದುರು ನೇರವಾಗಿ ನಿಂತು, ಆವತ್ತು ಶಾಮಿಯಾನದ ಕೆಳಗೆ ಓದಿದಷ್ಟೇ ಗಟ್ಟಿಯಾಗಿ, ಮೊದಲನೆಯದರಿಂದ ಏಳನೆಯದರವರೆಗೆ ಓದಿದೆ. ಕೇಳಲು ಗುಮಾಸ್ತರಿದ್ದರು, ನೀರಿನ ಹೂಜಿ ಹಿಡಿದು ಬಾಗಿಲಲ್ಲಿ ನಿಂತ ಜವಾನನಿದ್ದ, ಅಪ್ಪ ಇದ್ದರು. ಓದಿ ಮುಗಿಸಿ ಕೊಟ್ಟ ಮೇಲೆ ಗುಮಾಸ್ತರು ಅದಕ್ಕೆ ಮೊಹರು ಒತ್ತಿ ನಂಬರು ಹಾಕಿದರು. ಆ ನಂಬರನ್ನು ನಾನು ಬರೆದುಕೊಂಡೆ.

ಅಲ್ಲಿಂದ ಕುಂಬಾರಕೊಪ್ಪಲಿಗೆ ಹೋಗಿ, ಅಪ್ಪನಿಗೆ ಸೊಟ್ಟ ಕಾಂಡದ ಗುಲಾಬಿಯನ್ನು ತೋರಿಸಿ, ಅದಕ್ಕೆ ನೀರು ಹಾಕಿದೆ. ಒಳಗೆ ಮೇಜಿನ ಎಡಗಡೆಯಿದ್ದ ಏಳು ಕಡ್ಡಿಗಳನ್ನು ಒಂದೊಂದಾಗಿ ಬಲಗಡೆಗೆ ಇಟ್ಟು, ಬಾಗಿಲು ಹಾಕಿಕೊಂಡು ಕಾಲೇಜಿಗೆ ಹೋದೆ.